ಚಾರಣಕ್ಕೆ ಸೀಮೆಎಣ್ಣೆ, ಪೆಟ್ರೋಲ್ ಒಲೆ: ಕೊಳ್ಳುವುದರಿಂದ ಕೆಡಿಸದೆ ಹಚ್ಚುವವರೆಗೆ ಸಮಗ್ರ ಮಾರ್ಗದರ್ಶಿ

ಲಿಕ್ವಿಡ್ ಫ್ಯೂಯೆಲ್ ಸ್ಟೌ, ಅಂದರೆ ಸೀಮೆಎಣ್ಣೆ, ಪೆಟ್ರೋಲಿನಂಥ ದ್ರವ ಇಂಧನದ ಒಲೆ ಕೊಂಡವರ ದೂರು ಹೆಚ್ಚೂಕಮ್ಮಿ ಒಂದೇ ಇರುತ್ತದೆ. ಹಚ್ಚಿದ ಕೂಡಲೇ ಹಳದಿ ಉರಿ ಮೊಣಕಾಲೆತ್ತರ ಎದ್ದಿತು, ಪಾತ್ರೆಗೆ ಮಸಿ ಹಿಡಿಯಿತು, ಹೆದರಿಕೆಯಾಗಿ ಆರಿಸಿಬಿಟ್ಟೆವು. ನೂರಕ್ಕೆ ತೊಂಬತ್ತು ಸಲ ಒಲೆ ಕೆಟ್ಟಿರುವುದಿಲ್ಲ. ಎಣ್ಣೆ ಬಿಡುವ ವಾಲ್ವನ್ನು ಬೇಗ ತೆರೆದಿರುತ್ತಾರೆ, ಅಷ್ಟೇ.

ಈ ಒಲೆಯ ಗುಟ್ಟು ಒಂದೇ. ಎಣ್ಣೆ ಎಣ್ಣೆಯಾಗಿಯೇ ಬರ್ನರಿಗೆ ಬಂದರೆ ಹಳದಿ ಉರಿ, ಹೊಗೆ, ಮಸಿ. ಆವಿಯಾಗಿ ಬಂದರೆ ನೀಲಿ ಉರಿ. ಅದನ್ನು ಆವಿ ಮಾಡುವುದು ಕಾದ ಬರ್ನರ್. ಹಾಗಾಗಿ ಮೊದಲು ಬರ್ನರ್ ಕಾಯಬೇಕು, ಆಮೇಲೆ ಎಣ್ಣೆ ಬರಬೇಕು. ಮನೆಯಲ್ಲಿ ಹಿತ್ತಾಳೆಯ ಪಂಪ್ ಸ್ಟೌ ಹಚ್ಚಿದ ಹಿರಿಯರಿದ್ದರೆ ಕೇಳಿ ನೋಡಿ. ಬರ್ನರಿನ ಬುಡದ ಬಟ್ಟಲಿಗೆ ಸ್ಪಿರಿಟ್ ಸುರಿದು ಹಚ್ಚಿ, ಬರ್ನರ್ ಕಾದ ಮೇಲೇ ಪಂಪ್ ಹೊಡೆಯುತ್ತಿದ್ದೆವು ಅನ್ನುತ್ತಾರೆ. ನಿಮ್ಮ ಬೆನ್ನುಚೀಲದ ಒಲೆಯೂ ಕೆಲಸ ಮಾಡುವುದು ಹಾಗೇ. ಕೆಳಗಿನ ಹಂತಗಳ ಕ್ರಮ ಬದಲಿಸಬೇಡಿ.

ಹಂತ 1: ಈ ಒಲೆ ನಿಮಗೆ ಬೇಕಾ, ನೋಡಿಕೊಳ್ಳಿ

ಪಶ್ಚಿಮ ಘಟ್ಟದ ಒಂದೆರಡು ದಿನದ ಚಾರಣಕ್ಕೆ ಇದು ಬೇಡ. ನಮ್ಮ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗೆ ಬೆಂಕಿ ಹಚ್ಚುವ ಹಾಗಿಲ್ಲ. ಜನವರಿ ಕಳೆದ ಮೇಲೆ ಬೆಟ್ಟದ ಹುಲ್ಲು ಒಣಗಿ ನಿಂತಿರುತ್ತದೆ, ಒಂದು ಕಿಡಿ ಸಾಕು. ಬುತ್ತಿ ಕಟ್ಟಿಕೊಂಡು ಹೋಗಿ.

ಬೇಸಿಗೆಯಲ್ಲಿ, ತೀರಾ ಎತ್ತರವಿಲ್ಲದ ಕಡೆ, ಹೊಸ ಡಬ್ಬಿ ಸಿಗುವ ಊರು ಹತ್ತಿರವಿದ್ದರೆ ಗ್ಯಾಸ್ ಡಬ್ಬಿಯ ಒಲೆಯೇ ಹಗುರ, ಸುಲಭ.

ದ್ರವ ಇಂಧನದ ಒಲೆ ಬೇಕಾಗುವುದು ಲಡಾಖ್, ಸ್ಪಿತಿಯಂಥ ಕಡೆ ನಿಮ್ಮಷ್ಟಕ್ಕೆ ನೀವೇ ಹಲವು ದಿನ ನಡೆಯುವಾಗ. ಕಾರಣ ಎರಡು. ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ, ಅಲ್ಲಿ ಹೋಗಿ ಹುಡುಕಬೇಕು. ಎರಡನೆಯದು ಚಳಿ. ಬ್ಯುಟೇನ್ ಸಮುದ್ರಮಟ್ಟದಲ್ಲಿ ಸುಮಾರು −0.5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆವಿಯಾಗುವುದಿಲ್ಲ, ಅಗ್ಗದ ಡಬ್ಬಿಗಳಲ್ಲಿ ಇರುವುದು ಜಾಸ್ತಿ ಅದೇ. ದ್ರವ ಇಂಧನದ ಒಲೆಯಲ್ಲಿ ಒತ್ತಡ ಬರುವುದು ನಿಮ್ಮ ಕೈ ಪಂಪಿನಿಂದ, ಹಾಗಾಗಿ ಕೊರೆಯುವ ಚಳಿಯಲ್ಲೂ ಉರಿ ಕುಗ್ಗುವುದಿಲ್ಲ.

ಹಂತ 2: ಮೊದಲು ಇಂಧನ, ಆಮೇಲೆ ಒಲೆ

ಹೆಚ್ಚಿನವರು ಒಲೆ ಕೊಂಡು ಆಮೇಲೆ ಇಂಧನ ಹುಡುಕುತ್ತಾರೆ. ಇದು ಉಲ್ಟಾ. ಹೋಗುವ ಜಾಗದಲ್ಲಿ ಏನು ಸಿಗುತ್ತದೆ ಎನ್ನುವುದೇ ಒಲೆಯನ್ನು ತೀರ್ಮಾನಿಸಬೇಕು.

ವೈಟ್ ಗ್ಯಾಸ್: ಹೆಸರಿನಲ್ಲಿ ಗ್ಯಾಸ್ ಇದ್ದರೂ ಇದು ದ್ರವ, ಚೆನ್ನಾಗಿ ಶುದ್ಧ ಮಾಡಿದ ನಾಫ್ತಾ (ಪೆಟ್ರೋಲಿನಂಥ ತೆಳು ಎಣ್ಣೆ). ಮಸಿ ಕಡಿಮೆ, ಜೆಟ್ (ಬರ್ನರಿಗೆ ಎಣ್ಣೆ ಚಿಮ್ಮುವ ಸಣ್ಣ ತೂತಿನ ತುಣುಕು) ಕಟ್ಟಿಕೊಳ್ಳುವುದೂ ಕಡಿಮೆ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಕೋಲ್‌ಮನ್ ಫ್ಯೂಯೆಲ್ ಹೆಸರಿನಲ್ಲಿ ಸುಲಭವಾಗಿ ಸಿಗುತ್ತದೆ. ಅಲ್ಲಿದ್ದರೆ ಬೇರೇನೂ ಯೋಚಿಸಬೇಡಿ. ನಮ್ಮ ದೇಶದಲ್ಲಿ ಸಿಗುವುದು ಅಪರೂಪ.

ಪೆಟ್ರೋಲ್: ಎಲ್ಲೆಡೆ ಸಿಗುತ್ತದೆ, ಬೇಗ ಹತ್ತುತ್ತದೆ. ಆದರೆ ಈಗ ನಮ್ಮ ಬಂಕ್‌ಗಳಲ್ಲಿ ಬರುವುದು 20% ವರೆಗೆ ಎಥೆನಾಲ್ ಬೆರೆತ ಪೆಟ್ರೋಲ್. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಸೋರದಂತೆ ತಡೆಯುವ ರಬ್ಬರಿನ ಒ-ರಿಂಗ್ (ಸಣ್ಣ ಬಳೆ), ವಾಷರ್‌ಗಳನ್ನು ಉಬ್ಬಿಸಿ ಕೆಡಿಸುತ್ತದೆ. ಸೋರಿಕೆ ಶುರುವಾಗುವುದೇ ಅಲ್ಲಿಂದ. ಪೆಟ್ರೋಲ್ ಆವಿ ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲೂ ಬೆಂಕಿ ಹಿಡಿಯಬಲ್ಲದು, ಅಂದರೆ ನೀವು ನಡೆಯುವ ಯಾವ ಚಳಿಯೂ ಅದನ್ನು ಸುರಕ್ಷಿತ ಮಾಡುವುದಿಲ್ಲ. ಬಿಡಿ ಬಾಟಲಿಗೆ ಹಾಕಲು ಬಂಕಿನವರು ಒಪ್ಪದಿರುವುದೂ ಉಂಟು.

ಸೀಮೆಎಣ್ಣೆ: ವಾಸನೆ ಬಿಡುವುದಿಲ್ಲ, ಹಚ್ಚಲು ತಾಳ್ಮೆ ಬೇಕು, ಮಸಿ ಜಾಸ್ತಿ. ಆದರೆ ಚೆಲ್ಲಿದರೆ ಪೆಟ್ರೋಲಿನ ಹಾಗೆ ಭಗ್ಗನೆ ಹತ್ತಿಕೊಳ್ಳುವುದಿಲ್ಲ, ಹಿಮಾಲಯದ ಪೇಟೆಗಳಲ್ಲಿ ವಿಚಾರಿಸಿದರೆ ಸಿಗುತ್ತದೆ. ಪಡಿತರದ ನೀಲಿ ಸೀಮೆಎಣ್ಣೆಯನ್ನು ಕಾರ್ಡಿನವರಿಗೇ ಬಿಡಿ, ಬಣ್ಣ ಹಾಕದ ಬಿಳಿ ಸೀಮೆಎಣ್ಣೆ ಕೊಳ್ಳಿ. ನಮ್ಮ ದೇಶದಲ್ಲಿ ನಡೆಯುವವರಿಗೆ ನಾನು ಹೇಳುವುದು ಇದನ್ನೇ.

ಡೀಸೆಲ್ ಕೆಲವು ಒಲೆಗಳಲ್ಲಿ ಉರಿಯುತ್ತದೆ. ಬೇರೆ ದಾರಿಯೇ ಇಲ್ಲದಾಗ ಮಾತ್ರ.

ಎಷ್ಟು ಬೇಕು? ಹಿಮ ಕರಗಿಸುವ ಕೆಲಸವಿಲ್ಲದಿದ್ದರೆ ಒಬ್ಬರಿಗೆ ದಿನಕ್ಕೆ ಸುಮಾರು 100ರಿಂದ 120 ಮಿಲಿಲೀಟರ್. ಕುಡಿಯುವ ನೀರಿಗೂ ಹಿಮ ಕರಗಿಸಬೇಕಾದರೆ ಅದರ ಎರಡು ಪಟ್ಟು ಲೆಕ್ಕ ಹಾಕಿ. ಇಬ್ಬರು, ನಾಲ್ಕು ದಿನ ಎಂದರೆ ಒಂದು ಲೀಟರ್ ಇಟ್ಟುಕೊಳ್ಳಿ.

ಹಂತ 3: ಒಲೆ ಆಯ್ಕೆ

ಬೆನ್ನುಚೀಲದವರಿಗೆ ಸರಿಹೊಂದುವುದು ಬರ್ನರ್ ಬೇರೆ, ಬಾಟಲಿ ಬೇರೆ ಇರುವ ಮಾದರಿ. ನಡುವೆ ಇಂಧನದ ನಳಿಕೆ ಇರುತ್ತದೆ. ಬಾಟಲಿ ಬೆಂಕಿಯಿಂದ ದೂರ ಇರುವುದರಿಂದ ಗಾಳಿತಡೆ ಸುತ್ತಬಹುದು, ಪಾತ್ರೆಯೂ ನೆಲಕ್ಕೆ ಹತ್ತಿರ ಗಟ್ಟಿಯಾಗಿ ಕೂರುತ್ತದೆ.

ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಈ ಒಲೆಯಲ್ಲಿ ಸೀಮೆಎಣ್ಣೆ ಉರಿಯುತ್ತದಾ, ಅದರ ಜೆಟ್ ಜೊತೆಗೇ ಬರುತ್ತದಾ? ಒಂದೇ ಹೆಸರಿನ ಒಲೆಯಲ್ಲಿ ಬೇರೆ ಬೇರೆ ಮಾದರಿಗಳಿವೆ. ಉದಾಹರಣೆಗೆ ಎಂಎಸ್‌ಆರ್ ಕಂಪನಿಯ ವಿಸ್ಪರ್‌ಲೈಟ್ ನೋಡಿ. ಸಾದಾ ಮಾದರಿ ವೈಟ್ ಗ್ಯಾಸಿಗೆ ಮಾತ್ರ. ಇಂಟರ್‌ನ್ಯಾಷನಲ್ ಮಾದರಿಯಲ್ಲಿ ಪೆಟ್ರೋಲ್, ಸೀಮೆಎಣ್ಣೆ ಎರಡೂ ನಡೆಯುತ್ತವೆ. ಹೆಸರು ಪೂರ್ತಿ ಓದದೆ ದುಡ್ಡು ಕೊಡಬೇಡಿ.

ಎರಡನೆಯದು: ನೀವು ಬೇಯಿಸುತ್ತೀರಾ, ಇಲ್ಲಾ ಬರೀ ನೀರು ಕುದಿಸುತ್ತೀರಾ? ಎಂಎಸ್‌ಆರ್ ಎಕ್ಸ್‌ಜಿಕೆ ಹಿಮ ಕರಗಿಸುವ ರಾಕ್ಷಸ, ಆದರೆ ಸಣ್ಣ ಉರಿ ಕೇಳಬೇಡಿ. ವಿಸ್ಪರ್‌ಲೈಟ್ ಸದ್ದು ಕಡಿಮೆ, ತೂಕ ಕಡಿಮೆ, ಸಣ್ಣ ಉರಿಗೆ ಅಷ್ಟಕ್ಕಷ್ಟೇ. ಅದೇ ಕಂಪನಿಯ ಡ್ರ್ಯಾಗನ್‌ಫ್ಲೈನಲ್ಲಿ ಬರ್ನರಿನ ಹತ್ತಿರ ಇನ್ನೊಂದು ವಾಲ್ವ್ ಇದೆ, ಉಪ್ಪಿಟ್ಟು ತಳ ಹಿಡಿಯದಂತೆ ಮಾಡಬಹುದು. ಆದರೆ ಅದರ ಭೋರ್ಗರೆತ ಪಕ್ಕದ ಡೇರೆಯವರನ್ನೂ ಎಬ್ಬಿಸುತ್ತದೆ. ಪ್ರೈಮಸ್ ಕಂಪನಿಯ ಓಮ್ನಿಫ್ಯೂಯೆಲ್‌ನಲ್ಲೂ ಉರಿ ಚೆನ್ನಾಗಿ ತಗ್ಗುತ್ತದೆ, ಗ್ಯಾಸ್ ಡಬ್ಬಿಯನ್ನೂ ಜೋಡಿಸಬಹುದು, ತೂಕ ಸ್ವಲ್ಪ ಜಾಸ್ತಿ. ಉಪ್ಪಿಟ್ಟು, ಬಿಸಿಬೇಳೆ ಬಿಟ್ಟಿರಲಾರದ ನಮ್ಮಂಥವರಿಗೆ ಉರಿ ತಗ್ಗಿಸಲು ಬರುವ ಒಲೆಯೇ ಸರಿ.

ಮೂರನೆಯದು ಬಿಡಿಭಾಗ. ಒ-ರಿಂಗ್, ಪಂಪಿನ ಚರ್ಮದ ಬಟ್ಟಲು, ಜೆಟ್ ಬಿಡಿಯಾಗಿ ಸಿಗದ ಒಲೆ ಎಷ್ಟೇ ಅಗ್ಗವಿದ್ದರೂ ಬೇಡ. ಬೆಟ್ಟದಲ್ಲಿ ಕೈಕೊಡುವುದು ಆ ಹತ್ತು ರೂಪಾಯಿಯ ರಬ್ಬರ್.

ಹಂತ 4: ಸಾಮಾನು ಜೋಡಿಸಿಕೊಳ್ಳಿ

ಒಲೆ, ಪಂಪು, ಆ ಪಂಪಿಗೆ ಹೊಂದುವ ಇಂಧನದ ಬಾಟಲಿ. ಒತ್ತಡ ತಡೆಯುವಂತೆ ಮಾಡಿದ ಬಾಟಲಿಯೇ ಆಗಬೇಕು. ನೀರು ಕುಡಿಯುವ ಅಲ್ಯೂಮಿನಿಯಂ ಬಾಟಲಿಯ ಕುತ್ತಿಗೆಗೆ ಪಂಪ್ ಕೂತರೂ ಬಳಸಬೇಡಿ.

ಗಾಳಿತಡೆಯ ತಗಡು, ಒಲೆಯ ಕೆಳಗಿನ ತಗಡು, ಜೆಟ್ ಚುಚ್ಚುವ ಪಿನ್ನು, ಒಲೆಯ ಜೊತೆ ಬಂದ ಸಣ್ಣ ಸ್ಪ್ಯಾನರ್, ಬಿಡಿ ಒ-ರಿಂಗ್. ಜಾಲರಿ ಇರುವ ಸಣ್ಣ ಆಲಿಕೆ. ಬೆಂಕಿಪೊಟ್ಟಣ, ಲೈಟರ್ ಎರಡೂ. ಒಂದು ಹಳೇ ಬಟ್ಟೆ. ಒಂದು ಪುಟ್ಟ ಸೀಸೆಯಲ್ಲಿ ಮಷಿನ್ ಎಣ್ಣೆ.

ಸೀಮೆಎಣ್ಣೆ ಬಳಸುವವರು 100 ಮಿಲಿಲೀಟರ್ ಸ್ಪಿರಿಟ್ ಜೊತೆಗೆ ಇಟ್ಟುಕೊಳ್ಳಿ. ಬಡಗಿಗಳು ಪಾಲಿಶ್‌ಗೆ ಬಳಸುವ ಸ್ಪಿರಿಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಥಿನ್ನರ್ ಕೊಟ್ಟರೆ ವಾಪಸ್ ಕೊಡಿ, ಅದು ಬೇರೆ ವಸ್ತು. ಇಂಧನದ ಬಾಟಲಿ, ಸ್ಪಿರಿಟ್ ಸೀಸೆ ಎರಡಕ್ಕೂ ಕೆಂಪು ಟೇಪ್ ಸುತ್ತಿ. ಕತ್ತಲಲ್ಲಿ ಬಾಯಾರಿದವರ ಕೈಗೆ ಇವು ಸಿಗಬಾರದು.

ಹಂತ 5: ಮನೆಯಲ್ಲೇ ಜೋಡಿಸಿ, ಸೋರಿಕೆ ನೋಡಿ

ಹೊಸ ಒಲೆಯನ್ನು ಮೊದಲ ಸಲ ಬೆಟ್ಟದ ಮೇಲೆ ಬಿಚ್ಚಬೇಡಿ. ತಾರಸಿ ಅಥವಾ ಅಂಗಳ, ಹತ್ತಿರ ಒಂದು ಬಕೆಟ್ ಮರಳು, ಅಷ್ಟು ಸಾಕು. ಹತ್ತಿದ ಎಣ್ಣೆಗೆ ನೀರು ಸುರಿದರೆ ಬೆಂಕಿ ಹರಡುತ್ತದೆ.

ಮೊದಲು ಜೆಟ್ ನೋಡಿ. ಅದರ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಗುರುತು ಕೊರೆದಿರುತ್ತದೆ. ವಿಸ್ಪರ್‌ಲೈಟ್ ಇಂಟರ್‌ನ್ಯಾಷನಲ್‌ನಲ್ಲಿ ‘ಯುಜಿ’ ಪೆಟ್ರೋಲ್, ವೈಟ್ ಗ್ಯಾಸಿಗೆ, ‘ಯುಕೆ’ ಸೀಮೆಎಣ್ಣೆಗೆ. ಓಮ್ನಿಫ್ಯೂಯೆಲ್‌ನಲ್ಲಿ 0.37 ಪೆಟ್ರೋಲಿಗೆ, 0.28 ಸೀಮೆಎಣ್ಣೆಗೆ, 0.45 ಗ್ಯಾಸಿಗೆ. ಪೆಟ್ರೋಲಿನ ಜೆಟ್ಟಿನ ತೂತು ಸೀಮೆಎಣ್ಣೆಗೆ ತೀರಾ ದೊಡ್ಡದು, ಅದರಲ್ಲಿ ಸೀಮೆಎಣ್ಣೆ ಬಿಟ್ಟರೆ ಎಷ್ಟು ಕಾಯಿಸಿದರೂ ಉರಿ ಹಳದಿಯೇ. ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ, ಗುರುತು ಓದಬಹುದು.

ಬಾಟಲಿಗೆ ಆಲಿಕೆಯ ಜಾಲರಿ ಮೂಲಕ ಎಣ್ಣೆ ಹಾಕಿ, ಅದರ ಮೇಲಿರುವ ಗೆರೆಯವರೆಗೆ ಮಾತ್ರ. ಮೇಲೆ ಖಾಲಿ ಜಾಗ ಬಿಡಲೇಬೇಕು. ಪಂಪಿನ ಗಾಳಿ ಕೂರುವುದು ಅಲ್ಲೇ.

ಪಂಪಿನ ವಾಲ್ವ್ ಪೂರ್ತಿ ಮುಚ್ಚಿದೆಯಾ ನೋಡಿ, ಪಂಪನ್ನು ಬಾಟಲಿಗೆ ತಿರುಗಿಸಿ ಬಿಗಿ ಮಾಡಿ. ನಳಿಕೆಯ ತುದಿಗೆ ಒಂದು ಹನಿ ಮಷಿನ್ ಎಣ್ಣೆ ಸವರಿ ಪಂಪಿನೊಳಗೆ ತಳ್ಳಿ, ಕೊಂಡಿ ಹಾಕಿ. ಗೆರೆಯವರೆಗೆ ತುಂಬಿದ ಬಾಟಲಿಗೆ ಸುಮಾರು 20 ಸಲ ಪಂಪ್ ಹೊಡೆಯಿರಿ. ಅರ್ಧ ಖಾಲಿಯಾದ ಬಾಟಲಿಗೆ ಅದರ ಎರಡು ಪಟ್ಟಾದರೂ ಬೇಕು, ಗಾಳಿ ತುಂಬಬೇಕಾದ ಜಾಗ ಅಲ್ಲಿ ಜಾಸ್ತಿ. ಲೆಕ್ಕಕ್ಕಿಂತ ಹೆಬ್ಬೆರಳನ್ನು ನಂಬಿ. ಪಂಪ್ ಗಟ್ಟಿಯಾಗಿ ಎದುರು ಒತ್ತಿದರೆ ಸಾಕು.

ಈಗ ಬೆಂಕಿ ಹಚ್ಚದೆ ಐದು ನಿಮಿಷ ಬಿಡಿ. ನಾಲ್ಕು ಕಡೆ ಬೆರಳಾಡಿಸಿ ಮೂಸಿ: ಬಾಟಲಿ ಮತ್ತು ಪಂಪು ಸೇರುವ ಜಾಗ, ವಾಲ್ವಿನ ಕಡ್ಡಿ, ನಳಿಕೆ ಪಂಪಿಗೆ ಸೇರುವ ಜಾಗ, ಜೆಟ್. ಎಲ್ಲಾದರೂ ಒದ್ದೆಯಿದ್ದರೆ ಅಲ್ಲಿನ ಒ-ರಿಂಗ್ ಬದಲಿಸಿ. ಸೋರುವ ಒಲೆಗೆ ಕಡ್ಡಿ ಗೀರಬೇಡಿ, ಅದು ಒಂದೇ ಹನಿಯಾದರೂ ಸರಿ. ಈ ಪರೀಕ್ಷೆಯನ್ನು ಚಾರಣದಲ್ಲೂ ಪ್ರತಿ ಸಲ ಮಾಡಿ. ಆಗ ಐದು ನಿಮಿಷ ಬೇಡ, ಒಂದು ನಿಮಿಷ ಸಾಕು.

ಹಂತ 6: ಜಾಗ ಹುಡುಕಿ

ಡೇರೆಯ ಒಳಗೆ ಬೇಡ. ಡೇರೆಯ ಬಟ್ಟೆ ಕ್ಷಣದಲ್ಲಿ ಕರಗಿ ಹತ್ತಿಕೊಳ್ಳುತ್ತದೆ. ಅದಕ್ಕಿಂತ ಭಯ ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು, ವಾಕರಿಕೆ ಬಂದರೆ ಎತ್ತರದ ತೊಂದರೆ ಅಂದುಕೊಂಡು ಒಳಗೇ ಮಲಗಿಬಿಡುತ್ತಾರೆ. ಒಲೆಯ ಹತ್ತಿರ ಇದ್ದಾಗ ಹೀಗಾದರೆ ಮೊದಲು ಎದ್ದು ಹೊರಗೆ ಬನ್ನಿ.

ಒಲೆ ಇಡುವ ಜಾಗ ಸಮತಟ್ಟಾಗಿರಲಿ, ಸುತ್ತ ಒಂದು ಮಾರು ದೂರ ಒಣ ಹುಲ್ಲಿರಬಾರದು. ಹಿಮದ ಮೇಲಾದರೆ ಕೆಳಗೆ ಒಂದು ತೆಳು ಪ್ಲೈವುಡ್ ತುಂಡು ಇಡಿ, ಇಲ್ಲದಿದ್ದರೆ ಒಲೆ ತಾನೇ ಗುಂಡಿ ತೋಡಿಕೊಂಡು ವಾಲುತ್ತದೆ. ನಳಿಕೆ ಎಷ್ಟು ಉದ್ದವೋ ಅಷ್ಟು ದೂರಕ್ಕೆ ಬಾಟಲಿ ಇಡಿ, ಅದು ಗಾಳಿತಡೆಯ ಹೊರಗೇ ಇರಲಿ. ಗಾಳಿ ಬೀಸುವ ಕಡೆಗೆ ಬೆನ್ನು ಹಾಕಿ ಕೂರಿ. ತಲೆಗೂದಲು, ಶಾಲು, ಜಾಕೆಟ್ಟಿನ ದಾರ ಒಳಗೆ ಸೇರಿಸಿ.

ಹಂತ 7: ಪ್ರೈಮಿಂಗ್, ಅಂದರೆ ಬರ್ನರ್ ಕಾಯಿಸುವುದು

ಎಲ್ಲರೂ ಎಡವುವುದು ಇಲ್ಲೇ. ಅವಸರ ಬೇಡ. ಪಾತ್ರೆಯನ್ನು ಇನ್ನೂ ಒಲೆಯ ಮೇಲೆ ಇಡಬೇಡಿ.

ಪೆಟ್ರೋಲ್ ಅಥವಾ ವೈಟ್ ಗ್ಯಾಸ್ ಆದರೆ ವಾಲ್ವನ್ನು ಸ್ವಲ್ಪ ತಿರುಗಿಸಿ. ಜೆಟ್ಟಿನಿಂದ ಎಣ್ಣೆ ಒಸರಿ ಕೆಳಗಿನ ಬಟ್ಟಲಿಗೆ ಇಳಿಯುವುದು ಕಾಣುತ್ತದೆ. ಅರ್ಧ ಚಮಚದಷ್ಟು ಆದ ಕೂಡಲೇ ವಾಲ್ವ್ ಮುಚ್ಚಿ. ಬಟ್ಟಲು ತುಂಬಿಸಿದರೆ ಆ ಮೊಣಕಾಲೆತ್ತರದ ಉರಿ ಬರುವುದು ಗ್ಯಾರಂಟಿ. ಎಣ್ಣೆ ನೆಲಕ್ಕೆ ಚೆಲ್ಲಿದ್ದರೆ ಒಲೆಯನ್ನು ಬೇರೆ ಕಡೆ ಸರಿಸಿ.

ಸೀಮೆಎಣ್ಣೆಯಾದರೆ ವಾಲ್ವ್ ಮುಟ್ಟಬೇಡಿ. ಬಟ್ಟಲಿಗೆ ಒಂದು ಚಮಚ ಸ್ಪಿರಿಟ್ ಹಾಕಿ. ಸೀಮೆಎಣ್ಣೆಯಿಂದಲೇ ಕಾಯಿಸಬಹುದು, ಆದರೆ ಒಲೆ, ಕೈ, ಬಟ್ಟೆ ಎಲ್ಲ ಮಸಿ. ಸ್ಪಿರಿಟ್ ಮುಚ್ಚಳ ಬಿಗಿ ಮಾಡಿ, ಸೀಸೆಯನ್ನು ದೂರ ಇಟ್ಟು, ಆಮೇಲೆ ಕಡ್ಡಿ ಗೀರಿ.

ಹಚ್ಚುವಾಗ ಮುಖ ಒಲೆಯ ಮೇಲೆ ಬಾಗಿಸಬೇಡಿ. ಪಕ್ಕದಿಂದ ಕೈ ಚಾಚಿ. ಸ್ಪಿರಿಟ್ ಉರಿ ಹಗಲು ಬಿಸಿಲಲ್ಲಿ ಕಣ್ಣಿಗೆ ಕಾಣುವುದೇ ಇಲ್ಲ ಅನ್ನಬಹುದು. ಹತ್ತಿಲ್ಲ ಅಂದುಕೊಂಡು ಇನ್ನಷ್ಟು ಸುರಿಯಲು ಹೋದರೆ ಸೀಸೆಗೇ ಬೆಂಕಿ ಏರುತ್ತದೆ. ಅಂಗೈಯನ್ನು ದೂರದಿಂದ ಮೆಲ್ಲಗೆ ಹತ್ತಿರ ತಂದು ಬಿಸಿ ನೋಡಿ.

ಈಗ ಕಾಯಿರಿ. ಮೊದಲು ಉರಿ ದೊಡ್ಡದಾಗಿ ಅಲ್ಲಾಡುತ್ತದೆ, ಆಮೇಲೆ ಬರ್ನರಿನ ಸುತ್ತ ಇಳಿಯುತ್ತದೆ, ಕೊನೆಗೆ ಬಟ್ಟಲಿನ ಅಂಚಿನಲ್ಲಿ ಒಂದೆರಡು ಸಣ್ಣ ನಾಲಗೆ ಮಾತ್ರ ಉಳಿಯುತ್ತವೆ. ವಾಲ್ವ್ ತೆರೆಯುವ ಹೊತ್ತು ಇದೇ. ಪೂರ್ತಿ ಆರುವ ಮೊದಲು, ಕೂದಲೆಳೆಯಷ್ಟು ತಿರುಗಿಸಿ. ಪಟಪಟ ಸದ್ದಾಗಿ ನೀಲಿ ಉರಿ ಹಿಡಿಯುತ್ತದೆ. ಅರ್ಧ ನಿಮಿಷ ಹಾಗೇ ಬಿಡಿ. ಪಟಪಟ ನಿಂತು ಒಂದೇ ಸಮನೆ ಸುಯ್ ಎನ್ನುವ ಸದ್ದು ಬಂದ ಮೇಲೆ ಇನ್ನಷ್ಟು ತೆರೆಯಿರಿ, ಗಾಳಿತಡೆ ಸುತ್ತಿ, ಪಾತ್ರೆ ಇಡಿ.

ಹಳದಿ ಉರಿ ಎದ್ದರೆ? ವಾಲ್ವ್ ಮುಚ್ಚಿ. ಹೊರಗೆ ಬಂದ ಎಣ್ಣೆ ಉರಿದು ಮುಗಿಯುವವರೆಗೆ ಬಿಡಿ, ಅದರಿಂದಲೇ ಬರ್ನರ್ ಇನ್ನಷ್ಟು ಕಾಯುತ್ತದೆ. ಉರಿ ಸಣ್ಣದಾದಾಗ ಮತ್ತೆ ಕೂದಲೆಳೆಯಷ್ಟು ತೆರೆಯಿರಿ. ಹೆಚ್ಚಿನ ಸಲ ಇಷ್ಟಕ್ಕೇ ಸರಿಹೋಗುತ್ತದೆ. ಹಳದಿ ಉರಿ ಕಂಡಾಗ ಪಂಪ್ ಹೊಡೆಯುವುದು ಮಾತ್ರ ದೊಡ್ಡ ತಪ್ಪು. ಒತ್ತಡ ಹೆಚ್ಚಿದಷ್ಟೂ ಆವಿಯಾಗದ ಎಣ್ಣೆ ಜಾಸ್ತಿ ನುಗ್ಗುತ್ತದೆ.

ಪೂರ್ತಿ ಆರಿಹೋಯಿತು ಅಂದುಕೊಳ್ಳಿ. ಬಿಸಿ ಬರ್ನರಿಗೆ ಮತ್ತೆ ಎಣ್ಣೆ ಅಥವಾ ಸ್ಪಿರಿಟ್ ಸುರಿಯಬೇಡಿ. ಬಿಸಿಗೆ ಅದು ಆವಿಯಾಗಿ ಸುತ್ತ ಹರಡಿರುತ್ತದೆ, ಕಡ್ಡಿ ತಂದ ಕೂಡಲೇ ಭಗ್ಗೆನ್ನುತ್ತದೆ. ಐದು ನಿಮಿಷ ತಣಿಯಲು ಬಿಟ್ಟು ಮೊದಲಿನಿಂದ ಶುರುಮಾಡಿ.

ಗಾಳಿ, ಚಳಿ ಜಾಸ್ತಿ ಇದ್ದಾಗ, ಅದರಲ್ಲೂ ಸೀಮೆಎಣ್ಣೆಗೆ, ಒಂದು ಸಲ ಕಾಯಿಸಿದ್ದು ಸಾಲುವುದಿಲ್ಲ. ಬಟ್ಟಲು ಆರಿ ತಣಿದ ಮೇಲೆ ಎರಡನೇ ಚಮಚ ಸ್ಪಿರಿಟ್ ಹಾಕಿ. ಆ ಐದು ನಿಮಿಷ ಕೊಟ್ಟರೆ ಮುಂದೆ ಒಲೆ ಗಲಾಟೆ ಮಾಡುವುದಿಲ್ಲ.

ಹಂತ 8: ಅಡುಗೆ

ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ. ಅಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ. 5,000 ಮೀಟರ್ ಹತ್ತಿರ 83ಕ್ಕೆ. ಕುದಿಯುವುದು ಕಾಣುತ್ತದೆ, ಅಕ್ಕಿ ಬೇಯುವುದಿಲ್ಲ, ಬೇಳೆಯಂತೂ ಕೇಳಲೇಬೇಡಿ. ಉರಿ ಜೋರು ಮಾಡಿದರೆ ಎಣ್ಣೆ ಖರ್ಚಾಗುತ್ತದೆಯೇ ಹೊರತು ನೀರಿನ ಬಿಸಿ ಏರುವುದಿಲ್ಲ. ಅವಲಕ್ಕಿ, ಶಾವಿಗೆ, ಹುರಿದ ರವೆ, ಹುರಿಹಿಟ್ಟು ಒಯ್ಯಿರಿ. ಗುಂಪು ದೊಡ್ಡದಿದ್ದು ಅನ್ನ ಬೇಕೇ ಬೇಕೆಂದರೆ ಸಣ್ಣ ಕುಕ್ಕರ್ ಹೊರಬೇಕು. ಅದರ ತೂಕ ಉಳಿಯುವ ಎಣ್ಣೆಯಲ್ಲಿ ವಾಪಸ್ ಬರುತ್ತದೆ.

ಹಿಮ ಕರಗಿಸುವಾಗ ತಳದಲ್ಲಿ ಒಂದು ಲೋಟ ನೀರು ಇರಲಿ. ಬರೀ ಹಿಮ ತುಂಬಿದರೆ ತಳದ ಹಿಮ ಕರಗಿ ಮೇಲಿನ ಹಿಮಕ್ಕೆ ಹೀರಿಹೋಗುತ್ತದೆ, ಖಾಲಿ ತಳ ಸೀದು ನೀರಿಗೆಲ್ಲ ಸುಟ್ಟ ವಾಸನೆ.

ಉರಿ ಕುಗ್ಗುತ್ತಾ ಬಂದರೆ ಹತ್ತು ಸಲ ಪಂಪ್ ಹೊಡೆಯಿರಿ. ಪಾತ್ರೆ ಮೇಲಿದ್ದರೆ ಒಂದು ಕೈಯಲ್ಲಿ ಬಾಟಲಿ ಗಟ್ಟಿ ಹಿಡಿದುಕೊಂಡು. ಸಣ್ಣ ಉರಿ ಬೇಕಾದರೆ ಕಡಿಮೆ ಒತ್ತಡದಲ್ಲೇ ಉರಿಸಿ, ವಾಲ್ವ್ ತಿರುಗಿಸುವುದಕ್ಕಿಂತ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ತೀರಾ ಎತ್ತರದಲ್ಲಿ ವಾಲ್ವ್ ಪೂರ್ತಿ ತೆರೆದಾಗ ಉರಿಯ ತುದಿ ಹಳದಿಯಾದರೆ ಸ್ವಲ್ಪ ತಗ್ಗಿಸಿ, ಆಮ್ಲಜನಕ ಸಾಲುತ್ತಿಲ್ಲ.

ನಡುನಡುವೆ ಬಾಟಲಿ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಪರವಾಗಿಲ್ಲ, ಬಿಸಿಯಾದರೆ ಕೂಡಲೇ ಆರಿಸಿ.

ಹಂತ 9: ಆರಿಸುವುದು, ಬಿಚ್ಚುವುದು

ವಾಲ್ವ್ ಮುಚ್ಚಿದ ಮೇಲೂ ನಳಿಕೆಯಲ್ಲಿ ಉಳಿದ ಎಣ್ಣೆ ಅರ್ಧ ನಿಮಿಷವೋ ಒಂದು ನಿಮಿಷವೋ ಉರಿಯುತ್ತದೆ. ಗಾಬರಿಯಾಗಿ ವಾಲ್ವನ್ನು ಬಲವಾಗಿ ತಿರುಚಬೇಡಿ, ಅದರ ತುದಿ ಸವೆದು ಸೋರಲು ಶುರುವಾಗುತ್ತದೆ. ಓಮ್ನಿಫ್ಯೂಯೆಲ್‌ನಂಥ ಒಲೆಯಲ್ಲಿ ಬಾಟಲಿಯನ್ನು ಮಗುಚಿ ‘ಆಫ್’ ಎಂದು ಬರೆದ ಮುಖ ಮೇಲೆ ಮಾಡಿದರೆ ಗಾಳಿ ನುಗ್ಗಿ ನಳಿಕೆ ತಾನೇ ಖಾಲಿಯಾಗುತ್ತದೆ.

ಪೂರ್ತಿ ತಣಿಯಲಿ. ಆಮೇಲೆ ನಳಿಕೆ ಬಿಚ್ಚಿ. ಬಾಟಲಿ ನೇರ ನಿಲ್ಲಿಸಿ, ಮುಖದಿಂದ ದೂರ ಹಿಡಿದು, ಪಂಪನ್ನು ನಿಧಾನವಾಗಿ ಸಡಿಲಿಸಿ ಗಾಳಿ ಬಿಡಿ. ಹತ್ತಿರದಲ್ಲಿ ಬೇರೆ ಒಲೆ, ಸಿಗರೇಟ್, ಬೆಂಕಿ ಇರಬಾರದು. ಚೀಲಕ್ಕೆ ಹಾಕುವಾಗ ಪಂಪ್ ತೆಗೆದು ಬಾಟಲಿಗೆ ಅದರದೇ ಮುಚ್ಚಳ ಹಾಕಿ.

ಬರಿಗೈಯಲ್ಲಿ ಎಣ್ಣೆ ಮುಟ್ಟಬೇಡಿ. ಮೈನಸ್ 15 ಡಿಗ್ರಿಯಲ್ಲಿ ಪೆಟ್ರೋಲ್ ಹೆಪ್ಪುಗಟ್ಟಿರುವುದಿಲ್ಲ, ಆದರೆ ಅಷ್ಟೇ ತಣ್ಣಗಿರುತ್ತದೆ. ಬೆರಳಿಗೆ ಚೆಲ್ಲಿದರೆ ಕ್ಷಣದಲ್ಲಿ ಚಳಿಹುಣ್ಣು.

ಹಂತ 10: ಕೆಟ್ಟ ಲಕ್ಷಣ, ಮಾಡಬೇಕಾದ್ದು

ಪಂಪ್ ಹೊಡೆದರೆ ಹಗುರ, ಎದುರು ಒತ್ತುವುದೇ ಇಲ್ಲ: ಒಳಗಿನ ಚರ್ಮದ ಬಟ್ಟಲು ಒಣಗಿದೆ. ಪಂಪಿನ ಕಡ್ಡಿ ಹೊರಗೆಳೆದು, ಚರ್ಮಕ್ಕೆ ಎರಡು ಹನಿ ಮಷಿನ್ ಎಣ್ಣೆ ಹಚ್ಚಿ, ಬೆರಳಿನಿಂದ ಅಂಚನ್ನು ಅಗಲಿಸಿ ಮತ್ತೆ ಹಾಕಿ.

ಉರಿ ನೀಲಿ ಇದೆ, ಆದರೆ ಶಕ್ತಿಯಿಲ್ಲ: ಒತ್ತಡ ಸರಿಯಿದ್ದರೆ ಜೆಟ್ ಕಟ್ಟಿಕೊಂಡಿದೆ. ತಣ್ಣಗಾದ ಮೇಲೆ ಒಲೆಯನ್ನು ಮೇಲೆ ಕೆಳಗೆ ಅಲ್ಲಾಡಿಸಿ. ಎಂಎಸ್‌ಆರ್ ಒಲೆಗಳ ಜೆಟ್ಟಿನೊಳಗೆ ಸೂಜಿ ಇದೆ, ಗಲಗಲ ಸದ್ದು ಕೇಳುತ್ತದೆ, ಅದೇ ತೂತನ್ನು ಚುಚ್ಚುತ್ತದೆ. ಬೇರೆ ಒಲೆಗೆ ಪಿನ್ನು ಬಳಸಿ. ಹೊಲಿಗೆ ಸೂಜಿ ಹಾಕಿದರೆ ತೂತು ಅಗಲವಾಗಿ ಜೆಟ್ಟೇ ಹಾಳು.

ಜೆಟ್ ಶುಚಿ ಮಾಡಿದರೂ ಹಾಗೇ ಇದ್ದರೆ ನಳಿಕೆಯೊಳಗೆ ಮಸಿ ಕಟ್ಟಿದೆ. ಎಂಎಸ್‌ಆರ್ ಒಲೆಗಳಲ್ಲಿ ನಳಿಕೆಯೊಳಗೆ ಒಂದು ತಂತಿ ಇರುತ್ತದೆ. ಜೊತೆಗೆ ಕೊಟ್ಟ ಸ್ಪ್ಯಾನರಿನಿಂದ ಅದನ್ನು ಹಿಡಿದೆಳೆದು, ಒರೆಸಿ, ಹಲವು ಸಲ ಒಳಗೆ ಹೊರಗೆ ಉಜ್ಜಿ. ಸೀಮೆಎಣ್ಣೆಯಲ್ಲಿ ಇದು ಬೇಗ ಬರುವ ತೊಂದರೆ.

ಉರಿ ಕುಣಿಯುತ್ತದೆ, ಆರುತ್ತದೆ, ಚಟಪಟ ಎನ್ನುತ್ತದೆ: ಎಣ್ಣೆಯಲ್ಲಿ ನೀರಿದೆ. ಗಾಜಿನ ಲೋಟಕ್ಕೆ ಸ್ವಲ್ಪ ಸುರಿದು ಬಿಡಿ, ನೀರು ತಳಕ್ಕೆ ಇಳಿದು ಗೆರೆ ಕಾಣುತ್ತದೆ. ಆ ಎಣ್ಣೆ ಬೇಡ.

ಪಂಪಿನ ಹತ್ತಿರ ಉರಿ ಕಂಡರೆ ಇದ್ಯಾವುದನ್ನೂ ಯೋಚಿಸಬೇಡಿ. ಕೈಗೆಟುಕಿದರೆ ವಾಲ್ವ್ ಮುಚ್ಚಿ, ಮರಳು, ಮಣ್ಣು ಅಥವಾ ಹಿಮವನ್ನು ರಾಶಿ ಸುರಿಯಿರಿ. ಎಟುಕದಿದ್ದರೆ ಎಲ್ಲರನ್ನೂ ಎಬ್ಬಿಸಿ ದೂರ ಹೋಗಿ.

ಹಂತ 11: ಪ್ರಯಾಣದ ನಿಯಮ

ರೈಲಿನಲ್ಲಿ ಪೆಟ್ರೋಲ್, ಸೀಮೆಎಣ್ಣೆ, ಸ್ಪಿರಿಟ್ ಯಾವುದನ್ನೂ ಒಯ್ಯುವಂತಿಲ್ಲ. 1989ರ ರೈಲ್ವೆ ಕಾಯ್ದೆಯ 164ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಜೈಲು ಆಗಬಹುದು. ವಿಮಾನದಲ್ಲೂ ಇಂಧನ ಇಲ್ಲವೇ ಇಲ್ಲ. ಇಳಿದ ಊರಲ್ಲಿ ಕೊಳ್ಳಿ, ವಾಪಸ್ ಹೊರಡುವಾಗ ಉಳಿದದ್ದನ್ನು ಬೇಕಾದವರಿಗೆ ಕೊಟ್ಟುಬಿಡಿ. ಹೊಳೆಗೆ, ಮಣ್ಣಿಗೆ ಸುರಿಯಬೇಡಿ.

ಬಳಸಿದ ಒಲೆಯನ್ನು ವಿಮಾನದಲ್ಲಿ ಒಯ್ಯಲು ವಿಮಾನ ಕಂಪನಿಯ ಒಪ್ಪಿಗೆ ಬೇಕು. ಟಿಕೆಟ್ ತೆಗೆದ ಮೇಲೆ ಇ-ಮೇಲ್‌ನಲ್ಲಿ ಕೇಳಿ, ಉತ್ತರದ ಪ್ರತಿ ಕೈಯಲ್ಲಿಟ್ಟುಕೊಳ್ಳಿ. ಬಾಟಲಿ ಪೂರ್ತಿ ಖಾಲಿ ಮಾಡಿ, ಕನಿಷ್ಠ ಒಂದು ಗಂಟೆ ಬಗ್ಗಿಸಿಟ್ಟು ಬಸಿಯಿರಿ, ಆಮೇಲೆ ಮುಚ್ಚಳ ತೆಗೆದು ಕನಿಷ್ಠ ಆರು ಗಂಟೆ ಗಾಳಿಗಿಡಿ. ಚಾರಣ ಮುಗಿದ ದಿನವೇ ಈ ಕೆಲಸ ಶುರುಮಾಡಿ, ಮರುದಿನ ಬೆಳಗಿನ ವಿಮಾನಕ್ಕೆ ರಾತ್ರಿ ತೊಳೆಯಲು ಕೂತರೆ ವಾಸನೆ ಹೋಗುವುದಿಲ್ಲ. ಮೂಗಿಗೆ ಹಿಡಿದರೆ ಸೀಮೆಎಣ್ಣೆ ವಾಸನೆ ಬರುವ ಬಾಟಲಿಯನ್ನು ತಪಾಸಣೆಯಲ್ಲಿ ತೆಗೆದಿಟ್ಟುಕೊಳ್ಳುತ್ತಾರೆ. ವಾಸನೆ ಉಳಿದೇಬಿಟ್ಟರೆ ಒಲೆಯನ್ನು ಮಾತ್ರ ತನ್ನಿ, ಬಾಟಲಿಯನ್ನು ಅಲ್ಲೇ ಯಾರಾದರೂ ಚಾರಣದವರಿಗೆ ಕೊಟ್ಟು ಬನ್ನಿ.